ಅಣ್ಣನ ಲೋಟದ ಅರ್ಧ ಚಹಾ

ಮಾರ್ಚ್ 4, ಬೆಳಿಗ್ಗೆ

ಎಂದಿನಂತೆ ಅಣ್ಣನ ಸಲೂನಿನಲ್ಲಿ ಪುಕ್ಕಟೆ ಶೇವ್. ಒಂದೇ ಮನೆಯಲ್ಲಿರುವ ತಮ್ಮನಿಗೆ ಅಷ್ಟು ಹಕ್ಕು. ಕತ್ತಿನ ಮೇಲೆ ಕತ್ತಿ ಇಟ್ಟುಕೊಂಡೇ, “ಮಾತ್ರೆ ಬಿಟ್ಟೆ ಕಣೋ. ತಲೆ ಹಗುರ ಆಗಿದೆ,” ಎಂದ. ತಲೆಯೊಳಗಿನ ದನಿಗಳನ್ನು ಇಷ್ಟು ವರ್ಷ ಮಲಗಿಸಿಟ್ಟಿದ್ದ ಮಾತ್ರೆ. ಬೀದಿಯವರ ತಲೆಯನ್ನೆಲ್ಲ ಹಗುರ ಮಾಡುವವನು, ತನ್ನದನ್ನೂ ಮಾಡಿಕೊಂಡ. ನಗಲಿಲ್ಲ — ಕತ್ತಿ ಇತ್ತು.

ಮಾರ್ಚ್ 11

ಗಿರಾಕಿಯೊಬ್ಬ ಕನ್ನಡಿಯಲ್ಲಿ ನಕ್ಕ. ತನ್ನನ್ನೇ ನೋಡಿ ನಕ್ಕನೆಂದು ಅಣ್ಣ ಅವನ ಕಿವಿ ಸೀಳಿದ. ನೊರೆಯೆಲ್ಲ ಕೆಂಪು. ಹೊಲಿಗೆ ಹಾಕಿಸಿ, ಕೈಕಾಲು ಹಿಡಿದು ರಾಜಿ.

ಡಾಕ್ಟರ್: “ಕರ್ಕೊಂಡು ಬನ್ನಿ, ಮಾತಾಡೋಣ. ಕದ್ದುಮುಚ್ಚಿ ಮಾತ್ರೆ ಕೊಡಬೇಡಿ. ಗೊತ್ತಾದ್ರೆ ಆಮೇಲೆ ಯಾರನ್ನೂ ನಂಬಲ್ಲ.”

ಹೊರಗೆ ಬಂದ ಮೇಲೆ ಅತ್ತಿಗೆ: “ಅವರಿಗೇನು, ಹೇಳ್ತಾರೆ. ಪಕ್ಕದಲ್ಲಿ ಮಲಗೋಳು ನಾನು.”

ಮಾತ್ರೆ ಅರೆದು ಚಹಾಕ್ಕೆ ಹಾಕುವುದೆಂದಾಯಿತು.

ಮಾರ್ಚ್ 15

ಒಂದು ಮರೆತಿದ್ದೆವು. ಅಣ್ಣ ಇಡೀ ಲೋಟ ಚಹಾ ಕುಡಿದವನೇ ಅಲ್ಲ. ಅಪ್ಪ ಸತ್ತ ವರ್ಷ ಇದ್ದ ಒಂದು ಲೋಟದಲ್ಲಿ ಅರ್ಧ ನನಗೆ ಬಗ್ಗಿಸುತ್ತಿದ್ದ. ಈಗಲೂ ಬಗ್ಗಿಸುತ್ತಾನೆ. ಬೇಡವೆಂದರೆ ಅನುಮಾನ. ಕುಡಿದೆ. ಕಾಲೇಜಿನಲ್ಲಿ ಪಾಠ ಮಾಡುತ್ತಲೇ ತೂಕಡಿಸಿದೆ... ಮೇಷ್ಟ್ರು ತಮ್ಮವರೇ ಎಂದು ಹುಡುಗರಿಗೆ ಮೊದಲ ಸಲ ಅನ್ನಿಸಿರಬೇಕು. ಕಾಯಿಲೆ ಅವನಿಗೆ, ಗುಣ ನನಗೆ.

ಮಾರ್ಚ್ 22

ಎಡಗೈ ಬರಹ. ಬೆಳಿಗ್ಗೆ, “ಹೊಟ್ಟೆ ಸರಿಯಿಲ್ಲ, ಚಹಾ ಬೇಡ,” ಎಂದುಬಿಟ್ಟೆ.

“ಒಂದಿನ ಬೇಡ ಅಂದವನಲ್ಲ ನೀನು. ಏನ್ ಹಾಕಿದೀರಿ?”

“ಏನೂ ಇಲ್ಲಣ್ಣ.”

ನನ್ನ ಬಲಗೈಯನ್ನು ಬಾಗಿಲ ಸಂದಿಗೆ ಒತ್ತಿ ಹಿಡಿದು ಬಾಗಿಲು ಎಳೆದ. ಬೆರಳು ಮುರಿದ ಸದ್ದು ಮೊದಲು, ನೋವು ಆಮೇಲೆ. ಅಡ್ಡ ಬಂದ ಅತ್ತಿಗೆಯ ಹಲ್ಲು ಉದುರಿತು. ಆಗಲೂ ನಿಜ ಹೇಳಲಿಲ್ಲ, ಇಬ್ಬರೂ.

ಮಾರ್ಚ್ 23, ಮಧ್ಯಾಹ್ನ

ಅರ್ಧರ್ಧ ಸಾಲದೆಂದು ಅತ್ತಿಗೆ ಇಂದು ನಾಲ್ಕು ಮಾತ್ರೆ ಅರೆದಿದ್ದರು. ಅಣ್ಣ ಲೋಟ ಮುಟ್ಟಲಿಲ್ಲ. ಅವರನ್ನು ಅಡುಗೆಮನೆಗೆ ನೂಕಿ ಚಿಲಕ ಹಾಕಿದ. ಕತ್ತಿ ನನ್ನ ಗಂಟಲಿಗೆ.

“ವಿಷ ಅಲ್ಲ ತಾನೆ? ಪೂರ್ತಿ ಕುಡಿ.”

ಕುಡಿದೆ. ಈಗ ಎದುರಿಗೆ ಕೂತು ತೊಗಲಿನ ಪಟ್ಟಿಗೆ ಕತ್ತಿ ಮಸೆಯುತ್ತಿದ್ದಾನೆ, ನನ್ನನ್ನೇ ನೋಡುತ್ತ. ನಾನು ಎಚ್ಚರ ಇರುವಷ್ಟು ಹೊತ್ತು ಅತ್ತಿಗೆ ಬದುಕಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

“ಕಣ್ಣು ಎಳೀತಿದೆಯೇನೋ, ಪುಟ್ಟಾ?”

“ಇಲ್ಲಣ್ಣ.”

ಸಾಲು ಜಾರುತ್ತಿದೆ... ಬಂದು ತಲೆ ಸವರಿದ. ಅಳುತ್ತಿದ್ದಾನೆ.

“ನಿನಗೂ ಹಾಕ್ಬಿಟ್ಳಲ್ಲೋ ಅವಳು.”

ಎದ್ದ. ಚಿಲಕದ ಸದ್ದು. ನಾಲಿಗೆ ಏಳುತ್ತಿಲ್ಲ. ಅಣ್ಣ, ವಿಷ ಅಲ್ಲ, ಅದು ನಿನ್ನ ಮಾ