ಚಹಾ ತಡವಾದ ರವಿವಾರ

ಜೋಗೇಶ್ವರಿ
16 ಡಿಸೆಂಬರ್, ಮಂಗಳವಾರ

ಹಲೀಮಾ, ನಿನಗೆ ನನ್ನ ಶರಣು. ಮನೆಯವರಿಗೆಲ್ಲ ಸಲಾಮು.

ಫೋನ್ ಮಾಡಬಹುದಿತ್ತು. ಆದರೆ ನಿನ್ನ ಮಗ ಮುಜಾಹಿದ ಅದನ್ನು ಸ್ಪೀಕರಿಗೆ ಹಾಕಿ, "ಬೋಲೋ ಖಾಲಾ" ಎನ್ನುತ್ತಾನೆ. ನನ್ನ ಬಾಯಿ ಕಟ್ಟುತ್ತದೆ. ಈ ಪತ್ರವನ್ನು ನಿನ್ನ ಸೊಸೆ ಗುಲಾಫಶಾಳ ಕೈಗೆ ಅಂಧೇರಿ ಸ್ಟೇಷನ್ನಿನಲ್ಲಿ ಕೊಡುತ್ತೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಒಳ್ಳೆಯದೇ ಆಯಿತು.

ಮೊನ್ನೆ ರವಿವಾರ ಪವಾಯಿಯಲ್ಲಿ ನಿನ್ನ ಹೊಸ ಮನೆಯ ಹಿತ್ತಲಲ್ಲಿ ಕುಳಿತಿದ್ದೆನಲ್ಲ, ಆಗ ನನಗೆ ಹೊಟ್ಟೆಕಿಚ್ಚು ಹತ್ತಿತ್ತು. ನಿನ್ನ ಮನೆ ಕಂಡು ಅಲ್ಲ, ಮನೆ ನಿನಗಿರಲಿ. ಗೋಡೆ ಬದಿಯ ಆ ಬಿಳಿ ದಾಸವಾಳ ಕಂಡು.

ಹವೆ ಎಷ್ಟು ಚೆನ್ನಾಗಿತ್ತು! ಹಿತವಾದ ಬಿಸಿಲು, ಕೆರೆಯ ಕಡೆಯಿಂದ ಗಾಳಿ. ಅಳಿಲೊಂದು ಪಪಾಯಿ ಗಿಡದಿಂದ ತಲೆಕೆಳಗಾಗಿ ಇಳಿದು, ನಿಮ್ಮ ಬಿಲ್ಡಿಂಗಿನ ವಾಚ್‌ಮನ್ ನೋಡಿದ ಹಾಗೆಯೇ ನನ್ನನ್ನು ನೋಡಿತು. ಲಿಂಬೆ ಗಿಡದ ಸುತ್ತ ಹಳದಿ ಪಾತರಗಿತ್ತಿಗಳು. ಆಮೇಲೆ ಹೂಗುಬ್ಬಿ ಬಂತು, ಹೆಬ್ಬೆಟ್ಟಿನಷ್ಟು, ನೀಲಿಯಾಗಿ ಹೊಳೆಯುತ್ತ. ದಾಸವಾಳದ ಮುಂದೆ ಬರಲಿಲ್ಲ. ಹಿಂದಿನಿಂದ ಬುಡಕ್ಕೆ ಕೊಕ್ಕು ಚುಚ್ಚಿ ಜೇನು ಹೀರಿತು. ನಮ್ಮ ಯಜಮಾನರು ಅದನ್ನು ಕಂಡಾಗಲೆಲ್ಲ "ಕಳ್ಳ ಬಂದಾ ನೋಡು" ಎಂದು ನಗುತ್ತಿದ್ದರು. ಆ ನಗು ನನಗೆ ನಿನ್ನ ಹಿತ್ತಲಲ್ಲೇ ನೆನಪಾಗಬೇಕೇ?

ನಿನ್ನ ಗಿಡ ನಮ್ಮ ಗಿಡದ ಟೊಂಗೆ. ಪೇಂಟಿಂಗ್ ಕೆಲಸ ಮುಗಿಸಿ, ನಾನೂ ನೀನೂ ಗೋಡೆಗೆ ಗೋಡೆ ಹತ್ತಿಕೊಂಡಿದ್ದ ಚಾಳಿಗೆ ಬಂದವರು ನನ್ನ ಮುಖ ನೋಡುವ ಮೊದಲು, ಮನೆಯ ಹಿಂದೆ ಬಣ್ಣದ ಬಕೆಟ್ಟಿನಲ್ಲಿದ್ದ ಆ ಗಿಡದ ಮುಖ ನೋಡುತ್ತಿದ್ದರು. ನಾನು ಒಂದು ಹೂ ಹರಿದರೂ, "ಕೇಳಬಾರದೇನ?" ಎನ್ನುತ್ತಿದ್ದರು. ಅಂಥವರು, ನೀನು ಚಾಳು ಬಿಡುವ ದಿನ ಟೊಂಗೆ ಕೊಯ್ಯಲು ಚೂರಿ ಹಿಡಿದು ಮನೆಯ ಹಿಂದೆ ಹೋದಾಗ, ಬೀದಿಯ ಕಡೆ ಮುಖ ತಿರುಗಿಸಿ ನಿಂತುಬಿಟ್ಟರು. ನಾನು ಅವರ ಜೊತೆ ಜಗಳಕ್ಕೆ ಬಿದ್ದೆ.

"ಕೇಳಿ ಒಯ್ದ ಟೊಂಗಿ ಹತ್ತೂದಿಲ್ಲ, ಮಾದೇವಿ. ಕದ್ದದ್ದೇ ಚಿಗೀತದ. ಮಾಲಕ ನೋಡಬಾರದು, ಅಷ್ಟೇ," ಎಂದರು, ಹಿಂದೆ ನಿನಗೂ ಕೇಳುವಷ್ಟು ಜೋರಾಗಿ.

ನಿನಗಾಗಿ ಮುಖ ತಿರುಗಿಸಿದರಲ್ಲ ಎಂದು ಅವತ್ತು ಅವರ ಜೊತೆ ಊಟ ಮಾಡಲಿಲ್ಲ.

ಬೇಸಿಗೆಯಲ್ಲಿ ಅವರು ತೀರಿಕೊಂಡ ಮೇಲೆ ಆ ಗಿಡಕ್ಕೆ ನೀರು ಹಾಕಲು ನನ್ನ ಕೈ ಏಳಲಿಲ್ಲ. ಒಣಗಿಹೋಯಿತು. ಮೊನ್ನೆ ನೀನು, "ಅಕ್ಕಾ, ನಿಮ್ಮ ಗಿಡಾ ಹ್ಯಾಂಗದ?" ಎಂದು ಕೇಳಿದಾಗ, ಮೈತುಂಬ ಹೂ ಬಿಟ್ಟಿದೆ ಎಂದೆ. ನೀನು ನನ್ನ ಮುಖವನ್ನೇ ನೋಡಿದೆ. "ಕೂಡ್ರಿ, ಚಹಾ ತರ್ತೀನಿ" ಎಂದು ಒಳಗೆ ಹೋಗಿ ಬಾಗಿಲನ್ನೂ ಮುಂದೆ ಮಾಡಿಕೊಂಡೆ.

ಎಷ್ಟು ಹೊತ್ತು, ಹಲೀಮಾ! ಪಾತ್ರೆಯ ಸದ್ದು ಕೂಡ ಇಲ್ಲ. ದೊಡ್ಡ ಮನೆ ಸೇರಿದವಳು ಹಳೆಯ ನೆರೆಯವಳನ್ನು ಹೊರಗೆ ಕೂರಿಸಿದಳು ಎಂದು ಉರಿದುಕೊಂಡೆ. ದಾಸವಾಳದ ಬುಡದಲ್ಲಿ ನಿನ್ನ ಕತ್ತರಿ, ಪಕ್ಕದಲ್ಲಿ ಒದ್ದೆ ಅರಿವೆಯ ತುಂಡು. ಎಂಥ ಅಸಡ್ಡೆ ಎಂದು ಎರಡನ್ನೂ ಎತ್ತಿ ಕಿಟಕಿಯಲ್ಲಿಟ್ಟೆ. ನೀನು ಬಂದವಳು ಕಿಟಕಿ ನೋಡಿದೆ, ಗಿಡ ನೋಡಿದೆ. "ಚಹಾ ಆರ್ತದ, ಕುಡೀರಿ ಅಕ್ಕಾ," ಎಂದೆ, ಸಣ್ಣ ದನಿಯಲ್ಲಿ. ನಾನು ಸಿಟ್ಟಿನಲ್ಲೇ ಎದ್ದು ಬಂದೆ.

ಇವತ್ತು ಬೆಳಗ್ಗೆ ನಮ್ಮ ಒಣ ಗಿಡವನ್ನು ಬಕೆಟ್ಟಿನಿಂದ ಕೀಳುವಾಗ ಆ ಕತ್ತರಿ ಕಣ್ಣ ಮುಂದೆ ಬಂತು. ಆ ಒದ್ದೆ ಅರಿವೆಯೂ, ಒಂದು ಟೊಂಗೆ ಸುತ್ತಿ ಒಯ್ಯುವಷ್ಟು. ನೀನು ಮುಂದೆ ಮಾಡಿಕೊಂಡ ಬಾಗಿಲೂ.

ನನ್ನ ಗಂಡನ ಮಾತು ನಿನಗೆ ನೆನಪಿತ್ತು, ನನಗಿರಲಿಲ್ಲ. ಇದಕ್ಕೂ ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚೇ.

ಇಂತಿ, ನಿನ್ನ
ಮಹಾದೇವಿ

ತಾ.ಕ.: ಬಕೆಟ್ಟಿಗೆ ಹೊಸ ಮಣ್ಣು ತುಂಬಿಟ್ಟಿದ್ದೇನೆ. ಬರುವ ರವಿವಾರ ಬರುತ್ತೇನೆ, ಯಾಕೆಂದು ಕೇಳಬೇಡ. ಚಹಾಕ್ಕೆ ಶುಂಠಿ ಹಾಕು. ನಿಧಾನವಾಗಿ ಕುದಿಸು.