ಮುಚ್ಚಳದ ಮೇಲಿನ ಹೆಸರು

ಡಾರ್ಲೀನ್,

ಇವತ್ತು ಅಂಗಡಿಯಿಂದ ಬ್ರೌನಿ ಕೇಕ್ ತುಂಡುಗಳಿರುವ ಚಾಕೊಲೇಟ್ ಐಸ್‌ಕ್ರೀಮ್ ತಂದೆ. ಅಭ್ಯಾಸಬಲದಿಂದ ಮುಚ್ಚಳದ ಮೇಲೆ ‘ವೆಂಡೆಲ್‌ನದು, ಮುಟ್ಟಬೇಡ’ ಎಂದು ಬರೆದೆ. ನನ್ನನ್ನು ನೋಡಲು ಬಂದಿದ್ದ ಬೆವರ್ಲಿ ಅಕ್ಕ ನಕ್ಕಳು.

“ಇನ್ನು ಯಾರು ಕದೀತಾರೋ, ಪೆದ್ದ?” ಎಂದವಳು ಆಮೇಲೆ ತಾನೇ ಡಬ್ಬಿಯನ್ನು ಫ್ರೀಜರಿನಲ್ಲಿಟ್ಟಳು.

ನಿನ್ನನ್ನು ಮಣ್ಣು ಮಾಡಿ ನಾಲ್ಕು ತಿಂಗಳಾಯಿತು. ಆದರೂ ಮೂರು ಸಲ ಎದ್ದುಹೋಗಿ ಫ್ರೀಜರ್ ತೆರೆದು ನೋಡಿದೆ. ನೀನು ಚಮಚದಲ್ಲಿ ಸುರಂಗ ತೋಡಿ ತುಂಡುಗಳನ್ನೆಲ್ಲ ತಿಂದು, ನನಗೆ ಬರೀ ಐಸ್‌ಕ್ರೀಮ್ ಉಳಿಸುತ್ತಿದ್ದೆ. ಅದಕ್ಕಾಗಿ ನಮ್ಮ ಮದುವೆಯ ನಲವತ್ತು ವರ್ಷವೂ ಜಗಳವಾಡಿದೆ. ಇವತ್ತು ಡಬ್ಬಿ ಇಟ್ಟಂತೆಯೇ ಇತ್ತು.

ಕೊನೆಗೆ ಕೂತು ತಿಂದೆ. ಐಸ್‌ಕ್ರೀಮ್ ಚೆನ್ನಾಗಿದೆ. ತುಂಡುಗಳು ಮಾತ್ರ ಹಲ್ಲಿಗೆ ಅಂಟುತ್ತವೆ, ಅತಿ ಸಿಹಿ. ನನಗೆ ಅವು ಇಷ್ಟವೇ ಇಲ್ಲವೆಂದು ಎಪ್ಪತ್ತರ ವಯಸ್ಸಿನಲ್ಲಿ ಗೊತ್ತಾಯಿತು.

ಹನ್ನೊಂದು ತುಂಡುಗಳನ್ನು ನಿನಗೆಂದು ಡಬ್ಬಿಯಲ್ಲೇ ಉಳಿಸಿದ್ದೇನೆ. ಮುಚ್ಚಳದ ಮೇಲಿನ ಬರಹವನ್ನು ಆಗಿನಿಂದ ಉಜ್ಜುತ್ತಿದ್ದೇನೆ, ಹೋಗುತ್ತಿಲ್ಲ.

ವೆಂಡೆಲ್