ಬ್ರೇಕಿಗೆ ಕುಸುಬೆ ಎಣ್ಣೆ

೮ ಮಾರ್ಚ್ ೨೦೧೬, ಮಂಗಳವಾರ, ಬೆಳಿಗ್ಗೆ

ಗಾಳಿ ಹೊಡೆದೆ. ಹಿಂದಿನ ಚಕ್ರಕ್ಕೆ ಗಟ್ಟಿ, ಮುಂದಿನದಕ್ಕೆ ತುಸು ಮೆತ್ತಗೆ. ಗಂಟೆ ಬಾರಿಸಿ ನೋಡಿದೆ. ಇಷ್ಟೆಲ್ಲ ವಿಧಿ ಮುಗಿದ ಮೇಲೆ ವಿಮಲಾಬಾಯಿ ಟೀಚರ್ ಅವರ ಸವಾರಿ ಹೊರಟಿತು. ಟೀಚರ್ ಎಂದರೆ ನನ್ನ ಹೆಂಡತಿ. ಸವಾರಿ ಎಂದರೆ ಅವಳ ತಮ್ಮ ಔರಾದದಿಂದ ಕಳಿಸಿದ ಹಳೆಯ ಲೇಡೀಸ್ ಸೈಕಲ್.

ಅವಳ ಸಾಲಿ, ಅಂದರೆ ಶಾಲೆ, ಇರುವ ಊರಿಗೆ ಬಸ್ ನಿಂತುಹೋಗಿದೆ. ಹತ್ತುವವರೆಲ್ಲ ಪುಣೆಗೋ ಹೈದರಾಬಾದಿಗೋ ದುಡಿಯಲು ಹೋದರು. ಉಳಿದವರು ಮುದುಕರು, ಮಕ್ಕಳು. ಬಿಸಿಯೂಟದ ಅಕ್ಕಿ ಕೋಣೆಯ ಕೀಲಿ ಇವಳ ಬಳಿ. ಇವಳು ಹೋದರೆ ಮಾತ್ರ ಒಲೆ ಹೊತ್ತುತ್ತದೆ.

ನನಗೆ ನೀರಿನ ಟ್ಯಾಂಕರ್‌ಗಳ ಭಯ. ಈ ಬರಗಾಲದಲ್ಲಿ ಭಾಲ್ಕಿ ರಸ್ತೆಯ ಮಹಾರಾಜರು ಅವೇ. ಎಡ, ಬಲ ಎಂಬ ಭೇದಭಾವ ಮಾಡುವುದಿಲ್ಲ. ಲಾಂಗ್ ಲೀವ್ ಹಾಕು ಎಂದೆ.

"ನಾ ಲೀವ್ ಹಾಕಿದ್ರ ಕೂಸುಗೋಳು ಹೊಟ್ಟಿಗಿ ಲೀವ್ ಹಾಕಬೇಕೇನ್ರಿ?"

ವಾರಕ್ಕೊಂದು ನಗೆಬರಹ ಬರೆದು ಬದುಕುವವನು ನಾನು. ಒಳ್ಳೆಯ ಸಾಲುಗಳೆಲ್ಲ ಇವಳಿಗೆ ಬರುತ್ತವೆ. ಅನ್ಯಾಯ.

೧೩ ಮಾರ್ಚ್, ಭಾನುವಾರ, ಸಂಜೆ

ಸರ್ವಿಸಿಂಗ್ ದಿನ. ಅವಳದೂ ನನ್ನದೂ ಎರಡೂ ಸೈಕಲ್ ಅಂಗಳದಲ್ಲಿ ತಲೆಕೆಳಗು. ನನ್ನದು ದಿನಾ ಸ್ಟೇಷನ್‌ವರೆಗೆ ಹೋಗುತ್ತದೆ. ಅಲ್ಲಿಂದ ಬೀದರದ ಪತ್ರಿಕೆ ಕಚೇರಿಗೆ ರೈಲು.

ಎರಡರ ಬ್ರೇಕೂ ಕಿರುಚುತ್ತವೆ.

"ನೀವಿಬ್ರೂ ಬ್ರೇಕ್ ಹಿಡದ್ರ ಓಣಿ ನಾಯಿ ಎಲ್ಲಾ ಎದ್ದು ಕೂಡ್ತಾವ" ಅಂದಳು ಅವ್ವ. ಮಾತೃಶ್ರೀ ಸುಭದ್ರಾಬಾಯಿ ಅವರ ದೂರಿಗೆ ತಕ್ಷಣ ಕ್ರಮ. ಸೈಕಲ್ ಎಣ್ಣೆಯ ಡಬ್ಬಿ ಖಾಲಿ. ಅಡುಗೆಮನೆಯಿಂದ ಕುಸುಬೆ ಎಣ್ಣೆ ತಂದು ರಿಮ್ಮಿಗೆ, ಬ್ರೇಕಿನ ರಬ್ಬರಿಗೆ ಧಾರಾಳವಾಗಿ ಸವರಿದೆ. ಎರಡಕ್ಕೂ. ಪಕ್ಷಪಾತ ಇಲ್ಲ.

ಚಕ್ರ ತಿರುಗಿಸಿ ಬ್ರೇಕ್ ಹಿಡಿದೆ. ಚೂರೂ ಸದ್ದಿಲ್ಲ. ಮೌನವ್ರತ ಹಿಡಿದ ಸ್ವಾಮಿಗಳ ಹಾಗೆ. ಇಂಜಿನಿಯರ್ ಆಗಬೇಕಿದ್ದವನು ನಾನು. ನಾಡು ಕಳೆದುಕೊಂಡಿತು.

೧೪ ಮಾರ್ಚ್, ಸೋಮವಾರ, ಸಂಜೆ ೬

ಮೊದಲಿನಿಂದ ಬರೆಯುತ್ತೇನೆ.

ಅವಳು ಮೊದಲು ಹೊರಟಳು. ನಾನು ಆಮೇಲೆ. ಚೌಕದ ತಿರುವಿನಲ್ಲಿ ಕಣಿಕೆ, ಅಂದರೆ ಜೋಳದ ಒಣ ದಂಟು, ತುಂಬಿದ ಎತ್ತಿನ ಗಾಡಿ. ಬ್ರೇಕ್ ಹಿಡಿದೆ. ಸೈಕಲ್ ನಿಲ್ಲಲಿಲ್ಲ. ಪೂರ್ತಿ ಹಿಡಿದೆ. ನಿಲ್ಲಲೇ ಇಲ್ಲ. ತಲೆ ಸಮೇತ ಕಣಿಕೆಯೊಳಗೆ ಹೋದೆ. ಎತ್ತು ತಿರುಗಿ ನೋಡಿತು, ತನ್ನ ಊಟದಲ್ಲಿ ಪಾಲು ಕೇಳಲು ಬಂದವನೆಂಬಂತೆ. ನಗು ಬಂತು. ಈ ವಾರದ ಬರಹ ಸಿಕ್ಕಿತು ಅಂದುಕೊಂಡೆ.

ಆಮೇಲೆ ನೆನಪಾಯಿತು... ಅವಳದಕ್ಕೂ ಹಚ್ಚಿದ್ದೇನೆ. ಅವಳ ದಾರಿಯಲ್ಲಿ ಹಳ್ಳದ ಸೇತುವೆಗೆ ಉದ್ದದ ಇಳಿಜಾರು.

ಅವಳಿಗೆ ಫೋನ್ ಮಾಡಿದೆ. ರಿಂಗಾಗುತ್ತದೆ, ಎತ್ತುವುದಿಲ್ಲ. ಅತ್ತ ರೈಲು ಕೂಗಿತು, ಹೋಗಲಿ. ಸಪಾಟು ರಸ್ತೆಯಲ್ಲಿ ತುಳಿದೆ. ಇಳಿಜಾರಿನಲ್ಲಿ ಸೈಕಲ್ ಬಿಸಾಕಿ ಓಡಿದೆ. ಎದುರಿನಿಂದ ಒಂದು ಟ್ಯಾಂಕರ್ ನೀರು ಚೆಲ್ಲುತ್ತ ಬಂತು. ಅದರ ಮುಂಭಾಗವನ್ನೇ ನೋಡಿದೆ. ಏನನ್ನು ಹುಡುಕಿದೆ ಎಂದು ಇಲ್ಲಿ ಬರೆಯಲಾರೆ.

ಸೇತುವೆಗಿಂತ ಮೊದಲೇ ಸಿಕ್ಕಳು. ಹೊಲಕ್ಕೆ ಹಾಕಲೆಂದು ಕೆರೆಯ ಹೂಳು ತಂದು ರಸ್ತೆ ಪಕ್ಕ ಸುರಿದಿದ್ದರು. ಬ್ರೇಕ್ ಹಿಡಿಯುತ್ತಿಲ್ಲ ಎಂದು ತಿಳಿದದ್ದೇ ಹ್ಯಾಂಡಲ್ ತಿರುಗಿಸಿ ಆ ರಾಶಿಗೆ ನುಗ್ಗಿಸಿದ್ದಾಳೆ. ಮೊಣಕೈ ತರಚಿದೆ. ಮೈಯೆಲ್ಲ ಹೂಳು. ಕೂತು ಚಪ್ಪಲಿ ಝಾಡಿಸುತ್ತಿದ್ದಳು.

"ನಿನ್ನಿ ಬ್ರೇಕಿಗಿ ಏನ್ ಹಚ್ಚೀರಿ?"

"ಕುಸುಬಿ ಎಣ್ಣಿ."

ಚಪ್ಪಲಿ ಕಾಲಿಗೆ ಹಾಕಿಕೊಂಡಳು. "ವಗ್ಗರಣಿಗಿ ಏನರ ಉಳದದೋ ಇಲ್ಲೋ?"

ನಗಲಾಗಲಿಲ್ಲ. ಅವಳ ಪಕ್ಕ ಹೂಳಿನ ಮೇಲೇ ಕುಕ್ಕರಿಸಿದೆ. ಅವಳೇ ನನ್ನ ಕೈ ಹಿಡಿದು ಎಬ್ಬಿಸಿದಳು. "ಏಳ್ರಿ. ಅಕ್ಕಿ ಕ್ವಾಣಿ ತೆರಿಬೇಕು."

ಬಿಸಾಕಿದ್ದ ನನ್ನ ಸೈಕಲನ್ನು ಎತ್ತಿ ತಂದೆ. ಇಬ್ಬರೂ ಸೈಕಲ್ ತಳ್ಳಿಕೊಂಡು ಸಾಲಿಗೆ ಹೋದೆವು.

೧೫ ಮಾರ್ಚ್, ಮಂಗಳವಾರ

ಇಬ್ಬರಿಗೂ ರಜೆ. ಕೀಲಿಯನ್ನು ಮಾತ್ರ ಹಾಲಿನವನ ಕೈಯಲ್ಲಿ ಕಳಿಸಿದ್ದಾಳೆ. ದಿನಾ ಹಾಗೆ ಕಳಿಸುವಂತಿಲ್ಲವಂತೆ.

ಅವ್ವ ಸೊಸೆಯ ಮೊಣಕೈಗೆ ಅರಿಶಿನ ಹಚ್ಚುತ್ತ ಅಂದಳು: "ಬಿಟ್ಟಬಿಡವ್ವ ಆ ನೌಕರಿ. ನಿನ್ನಿ ಹೂಳಿನ ಗುಂಪಿ ಇತ್ತು. ನಾಳಿ ಏನಿರ್ತದ?"

ವಿಮಲಾ ನನ್ನನ್ನು ನೋಡಿದಳು. "ನೀವ್ ಏನಂತೀರಿ?"

ಬಸ್ ನಿಂತಾಗಿನಿಂದ ನಾನು ಕಾಯುತ್ತಿದ್ದ ಪ್ರಶ್ನೆ. ಹೂಂ ಅಂದರೆ ಸಾಕು, ಮುಗಿಯಿತು. ಮನೆಯಲ್ಲಿ ಇರುತ್ತಾಳೆ, ಸುರಕ್ಷಿತವಾಗಿ. ನನ್ನ ಮೇಲೆ ತಪ್ಪೂ ಉಳಿಯುವುದಿಲ್ಲ. ಬಾಯಿ ತೆರೆದೆ.

"ಮೊದಲ ಬ್ರೇಕ್ ಸ್ವಚ್ಛ ಮಾಡ್ತೇನಿ" ಅಂದೆ.

ಅವ್ವ ಎದ್ದು ಒಳಗೆ ಹೋದಳು. ವಿಮಲಾ ಹಳೆ ಸೀರೆಯ ತುಂಡು ತಂದುಕೊಟ್ಟಳು.

ತೊಳೆಯಲು ನೀರೆಲ್ಲಿ? ಸೀಮೆಎಣ್ಣೆಯಲ್ಲಿ ಒರೆಸಿ, ಬೂದಿಯಲ್ಲಿ ತಿಕ್ಕಿ, ಮತ್ತೆ ಒಣಬಟ್ಟೆಯಲ್ಲಿ ಒರೆಸಿದೆ. ಹೊಸ ರಬ್ಬರ್ ತರಲು ಅಬ್ದುಲ ವಾಹೀದನ ಸೈಕಲ್ ಅಂಗಡಿಗೆ ಹೋದೆ. ಸುದ್ದಿ ನನಗಿಂತ ಮೊದಲೇ ತಲುಪಿತ್ತು.

"ಕುಸುಬಿದೇನ್ರಿ ಸಾಬ? ನಮ್ ಮನ್ಯಾಗ ಬಿರಿಯಾನಿಗೂ ಅಷ್ಟ ಹಾಕಂಗಿಲ್ರಿ."

ಹಿಂದಿನ ಮಡ್‌ಗಾರ್ಡಿಗೆ ಕೆಂಪು ರಿಫ್ಲೆಕ್ಟರ್ ಹಾಕಿಸಿದೆ. ಆಮೇಲೆ ಅದೇ ಇಳಿಜಾರಿಗೆ ಹೋಗಿ, ಅವಳ ಸೈಕಲ್ ಹತ್ತಿ, ಇಳಿದು ಬಂದೆ. ಹಿಡಿಯಿತು. ತಳ್ಳಿಕೊಂಡು ಮೇಲೆ ಹೋಗಿ ಮತ್ತೆ ಇಳಿದೆ. ಲೇಡೀಸ್ ಸೈಕಲ್ ಮೇಲೆ ನನ್ನ ಈ ತಪಸ್ಸನ್ನು ಕುರಿ ಕಾಯುವವನೊಬ್ಬ ಬಹಳ ಗೌರವದಿಂದ ನೋಡಿದ.

೧೯ ಮಾರ್ಚ್, ಶನಿವಾರ

ಬುಧವಾರದಿಂದ ದಿನಾ ಅವಳ ಹಿಂದೆ ಹಿಂದೆ ಸಾಲಿವರೆಗೆ ಹೋಗಿಬಂದೆ. ಬೀದರದಲ್ಲಿ ನನ್ನ ಕುರ್ಚಿ ಖಾಲಿ. ಸಂಪಾದಕರು, "ಏನ್ರಿ, ಬಾಡಿಗಾರ್ಡ್ ಡ್ಯೂಟಿ ಮುಗೀತೋ?" ಎಂದು ಫೋನಿನಲ್ಲಿ ವಿಚಾರಿಸಿದರು.

ಇವತ್ತು ಹಳ್ಳದ ಹತ್ತಿರ ಇಳಿದು ನಿಂತಳು.

"ಸೋಮವಾರದಿಂದ ಬರಬ್ಯಾಡ್ರಿ."

"ಯಾಕ? ಭಾರ ಆದ್ನೇನ?"

"ನೀವ್ ಹಿಂದ ಇದ್ರ ನನ್ ಲಕ್ಷ್ಯ ರಸ್ತಾದ ಮ್ಯಾಲ ಇರಂಗಿಲ್ರಿ. ಟ್ಯಾಂಕರ್ ಬಂದಾಗೆಲ್ಲ ನೀವ್ ಸೈಕಲ್ ಹ್ಯಾಂಗ ಹೊಡಿಲಿಕತ್ತೀರಿ ಅಂತ ತಿರಗಿ ತಿರಗಿ ನೋಡ್ತೇನಿ. ನನಗ ನನ್ನ ನೋಡಕೊಳ್ಳಾಕ ಬಿಡ್ರಿ."

"ಆಯ್ತು, ಬರಂಗಿಲ್ಲ" ಎಂದು ಮಾತು ಕೊಟ್ಟೆ.

೨೧ ಮಾರ್ಚ್, ಸೋಮವಾರ, ಸಂಜೆ

ಒಬ್ಬಳೇ ಹೋದಳು. ನಾನು ಬೀದರಕ್ಕೆ ಹೋದೆ, ಕೂತೆ, ಒಂದಕ್ಷರ ಬರೆಯಲಿಲ್ಲ. ತಲೆನೋವೆಂದು ಮೊದಲ ರೈಲಿಗೇ ವಾಪಸ್.

ಸಾಲಿ ಬಿಡುವಾಗ "ಹೊಂಟೀನಿ" ಎಂದು ಮೆಸೇಜ್ ಹಾಕಿದ್ದಾಳೆ. ಈ ಹೊತ್ತಿಗೆ ಬರಬೇಕಿತ್ತು. ಫೋನ್ ಮಾಡುವಂತಿಲ್ಲ. ಸೈಕಲ್ ಮೇಲಿರುವವರಿಗೆ ಫೋನ್ ಮಾಡಬಾರದು. ನಿಯಮ ನನ್ನದೇ, ಅಂಕಣದಲ್ಲಿ ಅಚ್ಚಾಗಿದೆ.

ಅವ್ವ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದಾಳೆ. ಬೀದಿಯ ಕಡೆ ನೋಡುತ್ತಿಲ್ಲವಂತೆ.

ಎದುರು ಗಾಳಿ ಇರಬೇಕು. ಅಥವಾ ಟ್ಯಾಂಕರ್ ಬಂತೆಂದು ಇಳಿದು ನಿಂತಿರಬೇಕು. ಅದೇ ಸರಿ, ನಿಲ್ಲಲಿ, ಎಷ್ಟು ಹೊತ್ತಾದರೂ ನಿಲ್ಲಲಿ... ನಾನು ಹೋಗುವುದಿಲ್ಲ. ಮಾತು ಕೊಟ್ಟಿದ್ದೇನೆ. ಓಣಿಯ ತುದಿವರೆಗೆ ಹೋದರೆ ಅದು ಹೋದಂತಲ್ಲ. ಚಪ್ಪಲಿ ಯಾಕ ಹಾಕ್ಕೊಂಡಿ ಎಂದು ಅವ್ವ ಕೇಳುತ್ತಿದ್ದಾಳೆ. ಏನಾದರೂ ಹೇಳಬೇಕು. ಬೀಡಿ ತರಲು ಅನ್ನೋಣವೆಂದರೆ ನಾನು ಸೇದುವುದಿಲ್ಲ. ಉಪ್ಪು ಮುಗಿದಿದೆ ಎನ್ನುತ್ತೇನೆ, ಇಲ್ಲವೆ — ತಡಿ, ಓಣಿಯ ತುದಿಯಲ್ಲಿ ಅವಳ ಸೈಕಲ್ ಗಂಟೆ.